ಬ ಅಕ್ಷರದ ತಟ್ಟೆಗಳು

ಜೂನ್ 9, 2025, ಸೋಮವಾರ

ಇವತ್ತು ಆಫೀಸಿನವರು ಬಂದು ನನ್ನ ಕೋಣೆಯ ಅಳತೆ ತೆಗೆದುಕೊಂಡು ಹೋದರು. ನಾನಿನ್ನೂ ಕುರ್ಚಿಯಲ್ಲಿ ಕೂತೇ ಇದ್ದೆ. ಟೇಪು ಹಿಡಿದಿದ್ದ ನೀಲಕಂಠಪ್ಪ "ಕಾಲು ಸ್ವಲ್ಪ ಈ ಕಡೆ ತಗೊಳ್ಳಿ ಮೇಡಂ" ಅಂದ. ಜುಲೈ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ಆಮೇಲೆ ಈ ಕೋಣೆಗೆ ಸೊಳ್ಳೆಗಳ ಮೇಲೆ ಕೆಲಸ ಮಾಡುವ ಡಾಕ್ಟರ್ ಶ್ರೀಕರ್ ಬರುತ್ತಾರಂತೆ. ಹುಳ ಹೋಗಿ ಸೊಳ್ಳೆ ಬರುತ್ತದೆ, ಅಷ್ಟೆ.

ಬನಶಂಕರಿಯ ಈ ಸಂಸ್ಥೆಯಲ್ಲಿ ಅರ್ಧ ಆಯುಸ್ಸನ್ನು ಒಂದೇ ಹುಳ, ಒಂದೇ ಕಿಣ್ವದ ಹಿಂದೆ ಕಳೆದೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರಿಕೊಂಡು ಬದುಕುವ ಹುಳ ಅದು. ಕಿಣ್ವಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದೆ, ಲ್ಯಾಬಿನಲ್ಲಿ ನಾವು ಕತ್ತರಿ ಅನ್ನುತ್ತೇವೆ, ಯಾಕೆಂದರೆ ಅದರ ಕೆಲಸವೇ ಕತ್ತರಿಸುವುದು. ಮರಿ ಹುಳ ದೊಡ್ಡದಾಗಬೇಕಾದರೆ ಹಳೆಯ ಪೊರೆ ಬಿಡಿಸಿಕೊಂಡು ಹೊರಗೆ ಬರಬೇಕು, ಅದಕ್ಕೆ ಕತ್ತರಿ ಬೇಕು. ತಾಯಿ ಹುಳದ ಹೊಟ್ಟೆಯಲ್ಲಿ ಮೊಟ್ಟೆಗೆ ಜೀವ ಕಟ್ಟುವುದಕ್ಕೂ ಅದೇ ಕತ್ತರಿ ಬೇಕು ಅನ್ನುವುದು ನನ್ನ ವಾದ. ಔಷಧ ಹಾಕಿ ಕತ್ತರಿಯನ್ನು ನಿಲ್ಲಿಸಿದರೆ ಹೆಣ್ಣು ಹುಳ ಸಾಯುವುದಿಲ್ಲ, ಉಂಡುಟ್ಟು ಹಾಯಾಗಿರುತ್ತದೆ. ಆದರೆ ಅದು ಇಟ್ಟ ಮೊಟ್ಟೆ ಮಾತ್ರ ಒಡೆಯುವುದಿಲ್ಲ.

ಇದನ್ನು ಎರಡು ಸಲ ತೋರಿಸಿದ್ದೇವೆ. ಮೂರನೆಯ ಸಲ ತೋರಿಸಿದರೆ ನನ್ನ ಕೊನೆಯ ವಿದ್ಯಾರ್ಥಿನಿ ಸಂಘಮಿತ್ರಾಳ ಪಿಎಚ್‌ಡಿ ಮುಗಿಯುತ್ತದೆ. ನಾನು ಹೋಗುವುದರೊಳಗೆ ಆಗದಿದ್ದರೆ ಅವಳೂ ನನ್ನ ಮೇಜು ಕುರ್ಚಿಗಳ ಜೊತೆ ಶ್ರೀಕರ್ ಪಾಲಾಗುತ್ತಾಳೆ, ನಾಲ್ಕು ವರ್ಷದ ಕೆಲಸ ಬಿಟ್ಟು ಸೊಳ್ಳೆಯಿಂದ ಶುರುಮಾಡಬೇಕು. ಹಾಗಾಗಲು ನಾನು ಬಿಡುವುದಿಲ್ಲ.

ಜೂನ್ 12, ಗುರುವಾರ

ಮಳೆ ಶುರುವಾದ ಮೇಲೆ ಕುರಿಗಳ ಹೊಟ್ಟೆಯಲ್ಲಿ ಹುಳ ಹೆಚ್ಚು. ಸಂಘಮಿತ್ರಾ ಬೆಳಗ್ಗೆ ಬೇಗೂರಿನ ಮನೆಯಿಂದ ಹೊರಟು, ಸುದ್ದಗುಂಟೆಪಾಳ್ಯದಲ್ಲಿ ದೇವರಾಜನ ಮಟನ್ ಅಂಗಡಿಗೆ ಹೋಗಿ, ಕುರಿಯ ಹೊಟ್ಟೆಯನ್ನು ಬಿಸಿ ಆರದ ಡಬ್ಬಿಗೆ ತುಂಬಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಾಳೆ. ನಾನು ಕೇಕಿಗೂ ಮೊಟ್ಟೆ ಹಾಕದ ಜಯನಗರದ ಮನೆಯವಳು. ನನ್ನ ಗಂಡ ಜಯಸಿಂಹ ಹೇಳುವಂತೆ, "ಮನೇಲಿ ಶನಿವಾರ ಈರುಳ್ಳಿಗೂ ಯೋಚನೆ ಮಾಡ್ತೀಯ, ಅಲ್ಲಿ ಹೋಗಿ ಕುರಿ ಹೊಟ್ಟೆ ಬಗೀತೀಯ."

ಹೆಣ್ಣು ಹುಳ ನೋಡಲು ಚೆಂದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡಿರುತ್ತದೆ, ಎರಡು ಬಣ್ಣದ ದಾರ ಹೊಸೆದ ಹಾಗೆ. ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ. ಬೇರೆ ಯಾವ ಯೋಚನೆಯೂ ಅದಕ್ಕಿಲ್ಲ.

ಲ್ಯಾಬಿನ ಭಾಷೆಯೇ ಬೇರೆ. ಔಷಧ ಹಾಕಿದ ಹುಳದ ಮೊಟ್ಟೆಗಳಿರುವ ತಟ್ಟೆಯ ಮುಚ್ಚಳದ ಮೇಲೆ 'ಗೊ' ಎಂದು ಬರೆಯುತ್ತೇವೆ, ಗೊಡ್ಡು. ಔಷಧ ಹಾಕದ್ದಕ್ಕೆ 'ಬ', ಬಸಿರು. ಹೆಸರಿಟ್ಟವಳು ನಾನೇ. ಹೊಸ ಹುಡುಗರು ಮೊದಲ ದಿನ ನಗುತ್ತಾರೆ, ಎರಡನೆಯ ದಿನದಿಂದ "ಗೊಡ್ಡು ತಟ್ಟೆ ಎಲ್ಲಿಡ್ಲಿ ಮೇಡಂ" ಎಂದು ಸಲೀಸಾಗಿ ಕೇಳುತ್ತಾರೆ. ಸಂಘಮಿತ್ರಾ ಮಾತ್ರ ಬರೆಯುತ್ತಾಳೆ, ಬಾಯಲ್ಲಿ ಆಡುವುದಿಲ್ಲ. ಈ ತಟ್ಟೆ, ಆ ತಟ್ಟೆ ಅನ್ನುತ್ತಾಳೆ. ಯಾವ ತಟ್ಟೆ ತಾಯೀ ಎಂದು ನಾನು ಎರಡೆರಡು ಸಲ ಕೇಳಬೇಕು. ಹುಳದ ಮುಂದೆ ಎಂಥ ನಾಚಿಕೆಯೋ.

ಜೂನ್ 17, ಮಂಗಳವಾರ

ತಂಗಿಯ ಮಗಳು ಪ್ರಕೃತಿ ಊಟದ ಹೊತ್ತಿಗೆ ವಿಡಿಯೋ ಕಾಲ್ ಮಾಡಿದಳು. ಅವಳ ಎರಡು ಪುಟಾಣಿಗಳೂ ಒಟ್ಟಿಗೆ ಕಿರುಚಿಕೊಂಡವು. ಅವರ ಮೂವರ ಫೋಟೋ ಲ್ಯಾಬಿನ ನನ್ನ ಮೇಜಿನ ಮೇಲೆ ನಾಲ್ಕೈದು ವರ್ಷದಿಂದ ಇದೆ. ಲ್ಯಾಬಿನವರೆಲ್ಲ ಪ್ರಕೃತಿಯನ್ನು ನನ್ನ ಮಗಳು ಅಂದುಕೊಂಡಿದ್ದಾರೆ. ಹಾಗೆ ಹೇಳಿದವಳು ನಾನಲ್ಲ, ಅಲ್ಲ ಎಂದೂ ಹೇಳಿಲ್ಲ. ಹೊರಗಿನವರು ಎಷ್ಟು ಮಕ್ಕಳು ಎಂದು ಕೇಳಿದರೆ "ಇನ್‌ಕ್ಯುಬೇಟರ್ ತುಂಬ ಇದ್ದಾರೆ" ಅನ್ನುತ್ತೇನೆ. ನಗುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ.

ಜೂನ್ 24, ಮಂಗಳವಾರ

ಸಂಘಮಿತ್ರಾ ಮುಂದಿನ ತಿಂಗಳು ಹತ್ತು ದಿನ ರಜೆ ಬೇಕು ಅಂದಳು.

"ಯಾಕೆ?"

"ಹಾಸ್ಪಿಟಲ್‌ಗೆ ಹೋಗ್ಬೇಕಿತ್ತು ಮೇಡಂ."

ಅತ್ತೆಯ ಮಂಡಿ ನೋವಿರಬೇಕು, ಹಿಂದೆ ಯಾವಾಗಲೋ ಹೇಳಿದ್ದಳು. ನಾನು ಗೋಡೆಯ ಕ್ಯಾಲೆಂಡರ್ ತೋರಿಸಿದೆ. "ಜುಲೈ ಮುಗಿದ ಮೇಲೆ ವರ್ಷವಿಡೀ ರಜ ತಗೋ. ಈಗ ಬೇಡ. ಈ ಮಂಡಿ, ಸೊಂಟ ಎಲ್ಲಾ ಒಂದು ತಿಂಗಳು ಕಾಯುತ್ತೆ."

ಅವಳು ಏನೋ ಹೇಳಲು ಬಾಯಿ ತೆರೆದು, "ಸರಿ ಮೇಡಂ, ಮುಂದಕ್ಕೆ ಹಾಕ್ತೀನಿ" ಅಂದಳು. ಒಳ್ಳೆಯ ಹುಡುಗಿ. ಅವಳ ಒಳ್ಳೆಯದಕ್ಕೇ ಅಲ್ಲವೇ ನಾನು ಹೇಳುವುದು.

ಜುಲೈ 3, ಗುರುವಾರ

ಹುಳ ಸಿಕ್ಕಾಪಟ್ಟೆ ಸಿಕ್ಕಿತು, ಆದರೆ ಅರ್ಧಕ್ಕರ್ಧ ಸತ್ತಿದ್ದವು. ದೇವರಾಜ ಹೊಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟಿದ್ದನಂತೆ, "ಫ್ರೆಶ್ಶಾಗಿರ್ಲಿ ಅಂತ ಮೇಡಂ." ಅವನಿಗೆ ಬೈಯುವುದು ಹೇಗೆ.

ಜುಲೈ 10, ಗುರುವಾರ

ಕತ್ತರಿಯನ್ನು ನಿಲ್ಲಿಸುವ ಔಷಧ ತಯಾರಿಸಿ ಕೊಡುತ್ತಿದ್ದ ರಸಾಯನಶಾಸ್ತ್ರಜ್ಞ ಸುಭಾಷ್ ಕೆಲಸ ಬದಲಾಯಿಸಿದ್ದಾನೆ. ಫ್ರೀಜರಿನಲ್ಲಿ ಉಳಿದಿರುವ ಒಂದು ಸೀಸೆಯೇ ಕೊನೆ. ಒಂದು ಪ್ರಯೋಗಕ್ಕೆ ಸಾಲುತ್ತದೆ. "ಒಂದು ಸಾಕು ಮೇಡಂ, ಸರಿಯಾಗಿ ಮಾಡ್ತೀನಿ" ಅಂದಳು ಸಂಘಮಿತ್ರಾ. ಅವಳ ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಈಚೆಗೆ ಮುಖ ಬಾಡಿರುತ್ತದೆ. ಬೇಗೂರಿನ ಟ್ರಾಫಿಕ್ ಎಂಥವರನ್ನೂ ಬಾಡಿಸುತ್ತದೆ.

ಜುಲೈ 17, ಗುರುವಾರ

ಎದುರುಮನೆಯ ಲತಾಮಣಿ ಮಗಳ ಸೀಮಂತಕ್ಕೆ ಕರೆಯಲು ಬಂದಿದ್ದರು. ಜ್ಯೋತ್ಸ್ನಾ ನನ್ನ ಕಣ್ಣೆದುರೇ ಲಂಗ ಹಾಕಿಕೊಂಡು ಓಡಾಡಿದ ಮಗು. ಆಷಾಢ ಕಳೆದ ಮರುದಿನವೇ, ಇಪ್ಪತ್ತೈದನೇ ತಾರೀಖು, ಶುಕ್ರವಾರ.

"ಶಾಸ್ತ್ರ ಎಲ್ಲಾ ಬೆಳಗ್ಗೇನೇ ಮುಗಿಸ್ಬಿಡ್ತೀವಿ ವಿಮಲಾ ಅವರೇ. ನಿಮಗೆ ಲ್ಯಾಬ್ ಬೇರೆ ಇರುತ್ತಲ್ಲ, ಊಟದ ಹೊತ್ತಿಗೆ ಬಂದ್ರೆ ಸಾಕು."

ಪಕ್ಕದ ಮನೆಯವರನ್ನು ಹತ್ತು ಗಂಟೆಗೇ ಬನ್ನಿ ಎಂದು ಕರೆದದ್ದು ನನ್ನ ಕಿವಿಗೆ ಬಿದ್ದಿತ್ತು. ಇರಲಿ. ಮಕ್ಕಳಿಲ್ಲದವಳ ಕೈಯಲ್ಲಿ ಬಸುರಿಗೆ ಬಳೆ ತೊಡಿಸಬಾರದು ಎಂದು ಅವರ ಅಮ್ಮ ಹೇಳಿಕೊಟ್ಟಿದ್ದಾರೆ, ಅವರೇನು ಮಾಡುತ್ತಾರೆ. ನನಗೆ ಇವೆಲ್ಲ ತಾಕುವ ಕಾಲ ಹೋಯಿತು.

ತಾಕುತ್ತಿದ್ದ ಕಾಲವೂ ಇತ್ತು. ನನ್ನ ಅತ್ತೆ ತುಂಬಿದ ಮನೆಯಲ್ಲಿ, ನನಗೆ ಕೇಳುವ ಹಾಗೆ, ಗೊಡ್ಡು ಹಸುವಿಗೆ ಎಷ್ಟು ಹುಲ್ಲು ಹಾಕಿದರೇನು ಅಂದಿದ್ದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಆ ಮೇಲೆ ಆ ಪದವನ್ನೇ ತಂದು ಹುಳಕ್ಕೆ ಇಟ್ಟೆ. ದಿನಾ ಹತ್ತು ಸಲ ಆಡಿ ಆಡಿ ಅದರ ಹಲ್ಲು ಕಿತ್ತೆ. ಈಗ ಅದು ಕಚ್ಚುವುದಿಲ್ಲ.

ಜುಲೈ 21, ಸೋಮವಾರ

ಪ್ರಯೋಗ ಶುರು. ಹುಳ ಚೆನ್ನಾಗಿವೆ. ಕೊನೆಯ ಸೀಸೆ ತೆರೆದದ್ದಾಯಿತು. ಶುಕ್ರವಾರ ತಟ್ಟೆಗಳನ್ನು ನೋಡಿ, ಮೊಟ್ಟೆ ಎಣಿಸಿ, ಫೋಟೋ ತೆಗೆದರೆ ಮುಗಿಯಿತು.

ಬೀಳ್ಕೊಡುಗೆಯ ಊಟಕ್ಕೆ ಏನು ಮಾಡಿಸಬೇಕೆಂದು ಆಫೀಸಿನಿಂದ ಫೋನಿನ ಮೇಲೆ ಫೋನು. ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂದು ಅವರು ಕೇಳುತ್ತಿರುವಾಗ ಸಂಘಮಿತ್ರಾ ಬಂದು ತಟ್ಟೆಗಳ ವಿಷಯ ಏನೋ ಹೇಳಿದಳು. ಹೂಂ ಅಂದೆ. ಬಿಸಿಬೇಳೆಬಾತ್ ಆಯಿತು.

ಜುಲೈ 25, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲು ಸೀಮಂತ. ಹೇಳಿದಂತೆ ಊಟದ ಹೊತ್ತಿಗೇ ಹೋದೆ. ಪುರೋಹಿತರು ತಡವಾಗಿ ಬಂದಿದ್ದರಂತೆ, ಶಾಸ್ತ್ರ ಇನ್ನೂ ನಡೆಯುತ್ತಿತ್ತು. ಹೆಂಗಸರು ಸಾಲಾಗಿ ನಿಂತು ಒಬ್ಬೊಬ್ಬರೇ ಜ್ಯೋತ್ಸ್ನಾಳ ಕೈಗೆ ಹಸಿರು ಬಳೆ ತೊಡಿಸುತ್ತಿದ್ದರು. ಅವಳು ನನ್ನನ್ನು ನೋಡಿ "ಆಂಟಿ, ನೀವೂ ಬನ್ನಿ" ಎಂದು ಕೈ ಚಾಚಿದಳು. ನಾನು ಎರಡು ಹೆಜ್ಜೆ ಹೋಗಿದ್ದೆ. ಲತಾಮಣಿ ನಡುವೆ ಬಂದು, "ಆಂಟಿಗೆ ಲ್ಯಾಬ್‌ಗೆ ಲೇಟಾಗುತ್ತೆ ಕಣೆ" ಎಂದು ನನ್ನ ಮೊಣಕೈ ಹಿಡಿದು ಊಟದ ಮನೆಗೆ ಕರೆದುಕೊಂಡು ಹೋದರು. ಖಾಲಿ ಟೇಬಲ್ಲುಗಳ ಸಾಲಿನಲ್ಲಿ ನನಗೊಬ್ಬಳಿಗೇ ಎಲೆ ಹಾಕಿದರು. ಬಡಿಸುವವರು ನಾಲ್ಕು ಜನ, ಉಣ್ಣುವವಳು ಒಬ್ಬಳು. ಹೋಳಿಗೆ ಚೆನ್ನಾಗಿತ್ತು. ಎರಡು ಹಾಕಿಸಿಕೊಂಡೆ.

ಅಲ್ಲಿಂದ ನೇರ ಲ್ಯಾಬಿಗೆ. ಸಂಘಮಿತ್ರಾ ಇಲ್ಲ. ಸ್ಕ್ಯಾನ್ ಇದೆ, ಅರ್ಧ ದಿನ ರಜ, ಸಂಜೆ ಬಂದು ತಟ್ಟೆ ನೋಡುತ್ತೇನೆ ಎಂದು ಮೆಸೇಜು. ಇವತ್ತೇ ಆಗಬೇಕಿತ್ತೇ ಅತ್ತೆಯ ಸ್ಕ್ಯಾನು. ಸರಿ, ನಾನೇ ನೋಡಿದರಾಯಿತು ಎಂದು ಇನ್‌ಕ್ಯುಬೇಟರ್ ತೆಗೆದೆ. ಅರ್ಧ ತಟ್ಟೆಗಳ ಮೇಲೆ 'ಬ' ಎಂದಿದೆ. ಇನ್ನರ್ಧಕ್ಕೆ ಗುರುತೇ ಇಲ್ಲ, ಬೋಳು ಮುಚ್ಚಳ. 'ಬ' ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಸಿರು ತಟ್ಟೆಯಲ್ಲಿ ಮರಿಗಳು ಪಿತಪಿತ ಹರಿದಾಡಬೇಕು. ಒಂದೂ ಇಲ್ಲ. ಕಪ್ಪಗೆ ಮುದುಡಿದ ಮೊಟ್ಟೆಗಳು. ಗುರುತಿಲ್ಲದ ತಟ್ಟೆಗಳಲ್ಲಿ ಮರಿಗಳು ಜಾತ್ರೆ ಮಾಡುತ್ತಿವೆ. ಅಂದರೆ ಔಷಧವನ್ನು ತಪ್ಪು ಹುಳಕ್ಕೆ ಹಾಕಿದ್ದಾಳೆ, ಅಥವಾ ತಟ್ಟೆಗಳನ್ನು ಅದಲುಬದಲು ಮಾಡಿದ್ದಾಳೆ, ಅರ್ಧಕ್ಕೆ ಬರೆಯುವುದನ್ನೇ ಮರೆತಿದ್ದಾಳೆ.

ನನ್ನ ಲ್ಯಾಬಿನಲ್ಲಿ ಒಂದೇ ನಿಯಮ, ಅನುಮಾನ ಬಂದರೆ ಎಸೆ. ಅನುಮಾನದ ತಟ್ಟೆಯನ್ನು ಇಟ್ಟುಕೊಂಡರೆ ನಾಳೆ ಅದನ್ನೇ ನಂಬುವ ಆಸೆ ಹುಟ್ಟುತ್ತದೆ. ಎಲ್ಲಕ್ಕೂ ಬ್ಲೀಚ್ ಸುರಿದು ಬುಟ್ಟಿಗೆ ಹಾಕಿದೆ. ಒಂದೊಂದನ್ನೇ ಹಾಕುವಾಗ ಒಂಥರಾ ತೃಪ್ತಿಯಾಯಿತು ಎಂದು ಇಲ್ಲಿ ಬರೆಯಬಹುದು, ಯಾರು ಓದುತ್ತಾರೆ. ಸಂಜೆ ಬರುವುದು ಬೇಡ, ನಾಳೆ ಬಾ ಎಂದು ಅವಳಿಗೆ ಮೆಸೇಜು ಹಾಕಿದೆ. ಬಂದಿದ್ದರೆ ಬಾಯಿಗೆ ಬಂದಂತೆ ಅಂದುಬಿಡುತ್ತಿದ್ದೆ.

ಜುಲೈ 26, ಶನಿವಾರ

ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಅವಳು ಬುಟ್ಟಿಯ ಮುಂದೆ ನಿಂತಿದ್ದಳು.

"ಎಲ್ಲಾ ಎಸೆದ್ಬಿಟ್ರಾ ಮೇಡಂ?"

"ಎಸೀದೆ ಏನ್ ಮಾಡ್ಲಿ? ಬಸಿರು ತಟ್ಟೇಲಿ ಎಲ್ಲಾ ಸತ್ತು ಕೂತಿದೆ. ಔಷಧ ಅದಕ್ಕೆ ಹಾಕಿದೀಯ. ಇನ್ನರ್ಧಕ್ಕೆ ಗುರುತೇ ಇಲ್ಲ."

ಅವಳು ಬುಟ್ಟಿಯಲ್ಲಿದ್ದ ಒಂದು ಮುಚ್ಚಳದ ಕಡೆ ಬೊಟ್ಟು ಮಾಡಿದಳು.

"ಬ ಅಂದ್ರೆ ಬಸಿರು ಅಲ್ಲ ಮೇಡಂ. ಬಂದ್. ಕತ್ತರಿ ಬಂದ್ ಮಾಡಿರೋ ತಟ್ಟೆ. ಔಷಧ ಹಾಕಿದ್ದಕ್ಕೆ ಮಾತ್ರ ಬ ಅಂತ ಬರೀತೀನಿ, ಇನ್ನೊಂದಕ್ಕೆ ಏನೂ ಬರೆಯಲ್ಲ ಅಂತ ಸೋಮವಾರ ಹೇಳಿದ್ದೆ. ನೀವು ಹೂಂ ಅಂದ್ರಿ."

ಹಾಗಾದರೆ ಪ್ರಯೋಗ ಸರಿಯಾಗಿಯೇ ಇತ್ತು. ಹಿಂದಿನ ಎರಡು ಸಲಕ್ಕಿಂತ ಸ್ವಚ್ಛವಾಗಿತ್ತು, ಔಷಧದ ತಟ್ಟೆಯಲ್ಲಿ ಒಂದು ಮರಿಯೂ ಇರಲಿಲ್ಲ. ಅದನ್ನು ನಾನೇ ಕಣ್ಣಾರೆ ನೋಡಿದ್ದೆ, ಮತ್ತು ನಾನೇ ಎಸೆದಿದ್ದೆ. ಫೋಟೋ ಇಲ್ಲ, ಲೆಕ್ಕ ಇಲ್ಲ, ಔಷಧ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ಇಲ್ಲಿ ಅವಳ ಕೈಯ ತುತ್ತನ್ನು ತಟ್ಟಿ ಬೀಳಿಸಿದವಳು ನಾನು.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಇಷ್ಟು ವರ್ಷದ ಗುರುತನ್ನ ಬದಲಾಯಿಸೋ ದರ್ದು ಏನಿತ್ತು?"

"ಸುಮ್ನೆ ಮೇಡಂ."

"ಸುಮ್ನೆ ಅಂದ್ರೆ?"

"ಏನಿಲ್ಲ ಮೇಡಂ." ಚೀಲ ತೆಗೆದುಕೊಂಡು ಹೊರಟುಹೋದಳು. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಜುಲೈ 27, ಭಾನುವಾರ

ಮಧ್ಯಾಹ್ನ ಅಡುಗೆಮನೆಯಲ್ಲಿ ಜಯಸಿಂಹ ಹೀರೇಕಾಯಿ ಹೆರೆಯುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ತರಕಾರಿ ಖಾತೆ ಅವರದ್ದೇ. ನಾನು ನಡೆದದ್ದನ್ನೆಲ್ಲ ಹೇಳಿದೆ, ಹೇಳುತ್ತಾ ಅವಳನ್ನೇ ಬೈದೆ. ಗುರುತು ಬದಲಾಯಿಸಿದ್ದು ತಪ್ಪಲ್ಲವೇ, ನಾನೇನು ಕನಸು ಕಾಣುತ್ತೇನೆಯೇ ಅಂದೆ.

"ಆ ಹುಡುಗಿಗೆ ಮಕ್ಕಳಿದಾವಾ?" ಅಂತ ಕೇಳಿದರು.

"ಇಲ್ಲ. ಮದುವೆಯಾಗಿ ನಾಲ್ಕು ವರ್ಷ ಆಯ್ತು ಅನ್ಸುತ್ತೆ. ಗಂಡ ಪ್ರಮೋದ್ ಅಂತ."

"ಸ್ಕ್ಯಾನ್ ಯಾರಿಗೆ?"

"ಅವಳ ಅತ್ತೆಗೆ. ಮಂಡಿ."

"ಮಂಡಿ ಅಂತ ಅವಳು ಹೇಳಿದ್ಲಾ?"

ಅವಳು ಹೇಳಿರಲಿಲ್ಲ. ಹಾಸ್ಪಿಟಲ್ ಅಂದಿದ್ದಳು, ಮಂಡಿ ನನ್ನದು. ಹತ್ತು ದಿನದ ರಜೆ ಯಾವ ಚಿಕಿತ್ಸೆಗೆ ಬೇಕಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆರು ವರ್ಷ ಅಂಥ ರಜೆಗಳನ್ನು ಸುಳ್ಳು ಹೇಳಿ ಹಾಕಿದವಳು ನಾನು.

ಜಯಸಿಂಹ ಚಾಕು ಕೆಳಗಿಟ್ಟರು. "ದಿನಾ ಬೆಳಗ್ಗೆ ಹೋಗಿ ಅವಳ ಕೈಯಲ್ಲಿ ಆ ಮಾತು ಬರೆಸ್ತಿದ್ದೆ ನೀನು."

"ಅದು ಹುಳಕ್ಕೆ ಇಟ್ಟ ಹೆಸರು. ನಂಗೇ ತಾಕಲ್ಲ."

"ನಂಗೆ ತಾಕುತ್ತೆ ವಿಮಲಾ. ನೀನು ಮನೇಲೂ ಆಡ್ತೀಯ, ಊಟ ಮಾಡ್ತಾ ನಗ್ತಾ ಆಡ್ತೀಯ. ನಾನೂ ನಗ್ತೀನಿ. ಪ್ರತಿ ಸಲ ತಾಕುತ್ತೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಂಗೆ ಅದ್ರಿಂದ ಏನೋ ಸಮಾಧಾನ ಸಿಗ್ತಿದೆ ಅಂದ್ಕೊಂಡೆ."

ಮತ್ತೆ ಚಾಕು ತೆಗೆದುಕೊಂಡು ಹೀರೇಕಾಯಿ ಹೆರೆದರು. ಆ ದುಃಖ ನನ್ನೊಬ್ಬಳ ಪಾಲಿನದು ಎಂದೇ ನಾನು ತಿಳಿದಿದ್ದೆ. ಅವರ ಪಾಲನ್ನು ಅವರು ಎಲ್ಲಿಟ್ಟುಕೊಂಡಿದ್ದರು ಎಂದು ಒಂದು ದಿನವೂ ಕೇಳಲಿಲ್ಲ.

ಜುಲೈ 29, ಮಂಗಳವಾರ

ಸಂಘಮಿತ್ರಾ ನಿನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ. ಹುಷಾರಿಲ್ಲ ಎಂದು ಮೆಸೇಜು. ನಿರ್ದೇಶಕರ ಹತ್ತಿರ ಹೋಗಿ ಅವಳಿಗೆ ಆರು ತಿಂಗಳು ಕೊಡಿ, ನಾನು ಸುಮ್ಮನೆ ಬಂದು ಹೋಗುತ್ತೇನೆ ಎಂದು ಕೇಳಿದೆ. ನಿಯಮದಲ್ಲಿ ಇಲ್ಲ ಅಂದರು. ಸುಭಾಷ್‌ಗೆ ಫೋನ್ ಮಾಡಿದೆ. ಹೊಸ ಜಾಗದಲ್ಲಿ ಆ ಔಷಧ ತಯಾರಿಸಲು ಬಿಡುವುದಿಲ್ಲವಂತೆ, ಬಿಟ್ಟರೂ ವರ್ಷವಾಗುತ್ತದಂತೆ. ಶ್ರೀಕರ್ ಒಳ್ಳೆಯವರು, "ಸೊಳ್ಳೆಗೆ ಬರ್ತಾರಾ ಕೇಳಿ ಮೇಡಂ, ನಾನು ತಗೋತೀನಿ" ಅಂದರು.

ಅವಳಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ.

ಜುಲೈ 31, ಗುರುವಾರ

ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ನಾನು ಮಾತಾಡಬೇಕಿತ್ತು. ಈ ಕಿಣ್ವದ ಬಗ್ಗೆ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ, ಎಲ್ಲಿ ಜನ ನಗುತ್ತಾರೆ ಎಂದು ಗೊತ್ತು. ಆ ಜಾಗ ಬಂದಾಗ ನೀರು ಕುಡಿದೆ. ಔಷಧ ಹಾಕಿದ ಹುಳಗಳ ಮೊಟ್ಟೆಯಲ್ಲಿ ಜೀವ ಕಟ್ಟಲಿಲ್ಲ ಎಂದಷ್ಟೇ ಹೇಳಿ ಮುಂದಕ್ಕೆ ಹೋದೆ. ಹಿಂದೆ ಕೂತಿದ್ದ ಯಾವನೋ ಹುಡುಗ ಪಿಸುಮಾತಿನಲ್ಲಿ ಆ ಪದ ಅಂದ, ಅಕ್ಕಪಕ್ಕದವರು ನಕ್ಕರು. ಅವನಿಗೆ ಹೇಳಿಕೊಟ್ಟವಳು ನಾನೇ.

ಸಂಘಮಿತ್ರಾ ಬರಲಿಲ್ಲ. ಬಿಸಿಬೇಳೆಬಾತಿಗೆ ಉಪ್ಪು ಹೆಚ್ಚಾಗಿತ್ತು.

ಆಗಸ್ಟ್ 3, ಭಾನುವಾರ

ಬೇಗೂರಿಗೆ ಹೋಗಿ ಬಂದೆ. ಜಯಸಿಂಹ ನಾನೂ ಬರ್ತೀನಿ ಅಂದರು, ಬೇಡ ಅಂದೆ. ಅವಳ ಮನೆ ನಾಗೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಕೇಳಿಕೊಂಡು ಹೋದೆ. ಬಾಗಿಲು ತೆಗೆದವರು ಅತ್ತೆ ಈಶ್ವರಮ್ಮ. ಮಂಡಿ ಚೆನ್ನಾಗಿಯೇ ಇತ್ತು, ಓಡಿಹೋಗಿ ಕುರ್ಚಿ ತಂದರು.

"ಯಾಕ್ ನಿಂತ್ಕಂಡ್ರಿ ಮೇಡಮ್ಮೋರೆ, ಕೂತ್ಕಳಿ. ಸಂಘಾ, ಯಾರ್ ಬಂದವ್ರೆ ನೋಡು."

ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಗೂಡಿನಲ್ಲಿ ಈಶ್ವರಮ್ಮನ ಕುಂಕುಮದ ಬಟ್ಟಲು. ಸಂಘಮಿತ್ರಾ ಒಳಗಿನಿಂದ ಬಂದು ನಮಸ್ಕಾರ ಅಂದಳು, ಕಾಫಿ ಮಾಡಲು ಹೋದಳು. ಅವಳ ಅತ್ತೆ ಒರಟು ಹೆಂಗಸೇ ಇರಬೇಕು ಎಂದುಕೊಂಡು ಹೋಗಿದ್ದೆ. ಹಾಗಿರಲಿಲ್ಲ. ನನ್ನ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಮಾತಾಡಿದರು.

"ನೀವಾದ್ರೂ ಒಂದ್ ಮಾತು ಹೇಳಿ ಅವ್ಳಿಗೆ. ನಾಕ್ ವರ್ಸಾಯ್ತು. ಓಣಿಯೋರೆಲ್ಲ ಬಾಯಿಗ್ ಬಂದಂಗೆ ಅಂತಾರೆ, ನಾನ್ ಎಷ್ಟ್ ಜನದ ಬಾಯ್ ಮುಚ್ಚಲಿ? ಹೋದ್ ತಿಂಗ್ಳು ಡಾಕ್ಟ್ರು ಬರಾಕೇಳಿದ್ರು, ಎಲ್ಲಾ ತಯಾರ್ ಆಗಿತ್ತು. ಪರೀಕ್ಸೆ ಮುಗೀಲಿ, ಆಮೇಲೆ ಅಂದ್ಳು. ನಮ್ಮ ಪ್ರಮೋದನೂ ಅವಳಿಸ್ಟ ಅಂದ್ಬುಟ್ಟ. ನೀವೂ ಓದಿದೋರು, ಮಕ್ಕಳ್ನ ಸಾಕಿದೋರು. ಮೊದ್ಲು ಮಕ್ಕಳು, ಆಮೇಲ್ ಓದು ಅಂತ ನೀವ್ ಹೇಳಿದ್ರೆ ಕೇಳ್ತಾಳೆ."

ಇನ್‌ಕ್ಯುಬೇಟರಿನ ಮಾತು ನಾಲಿಗೆಯ ತುದಿಯವರೆಗೂ ಬಂತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ನನಗೆ ಮಕ್ಕಳಿಲ್ಲಮ್ಮ" ಅಂದೆ. "ಆರು ವರ್ಷ ಆಸ್ಪತ್ರೆ ಸುತ್ತಿದೆ. ಆಗಲಿಲ್ಲ."

ಇಷ್ಟು ನೇರವಾಗಿ ಯಾರಿಗೂ ಹೇಳಿದವಳಲ್ಲ. ಹೇಳಿದರೆ ಏನೋ ಆಗಿಬಿಡುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಈಶ್ವರಮ್ಮ ನನ್ನ ಕೈಯನ್ನು ಬಿಡಲಿಲ್ಲ, ಇನ್ನೊಂದು ಕೈಯನ್ನೂ ಅದರ ಮೇಲಿಟ್ಟರು. "ತಿಳೀದೆ ಅಂದ್ಬುಟ್ಟೆ ಕಣವ್ವ" ಅಂದರು. ಹೊರಡುವಾಗ ಬಟ್ಟಲು ತಂದು ಕುಂಕುಮ ಕೊಟ್ಟರು.

ಸಂಘಮಿತ್ರಾ ಆಟೋ ಸಿಗುವ ತನಕ ಬಂದಳು. ಇಬ್ಬರೂ ಕೆರೆಯ ಕಡೆಯ ರಸ್ತೆಯಲ್ಲಿ ನಡೆದೆವು. ಚಿಕಿತ್ಸೆ ಈ ತಿಂಗಳು ಮಾಡಿಸುತ್ತಾಳಂತೆ. ಹೋದ ತಿಂಗಳಾಗಿದ್ದರೆ ಚೆನ್ನಾಗಿತ್ತು, ಈಗ ಮತ್ತೆ ಮೊದಲಿನಿಂದ ಇಂಜೆಕ್ಷನ್ ಎಂದು ಡಾಕ್ಟರು ಗೊಣಗಿದರಂತೆ. ಶ್ರೀಕರ್ ವಿಷಯ ಹೇಳಿದೆ. ಸೊಳ್ಳೆ ಬೇಡ ಅಂದಳು. ಇಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡಲು ಕರೆದಿದ್ದಾರೆ, ಸೋಮವಾರದಿಂದ ಹೋಗುತ್ತಾಳೆ.

ನಾನು ನಿಂತು ಕ್ಷಮೆ ಕೇಳಿದೆ. ತಟ್ಟೆ ಎಸೆದದ್ದಕ್ಕೆ, ರಜೆ ಕೊಡದಿದ್ದಕ್ಕೆ. ಆಮೇಲೆ ಆ ಮಾತಿಗೂ ಕೇಳಿದೆ. ನನಗೂ ಅದನ್ನು ಅಂದಿದ್ದರು, ಅದರ ನೋವು ಸಾಯಲಿ ಎಂದೇ ಹುಳಕ್ಕೆ ಇಟ್ಟೆ, ನಿನ್ನನ್ನು ನೋಯಿಸಬೇಕೆಂದು ಅಲ್ಲ ಅಂದೆ. ಹೀಗೆ ಹೇಳಿಕೊಂಡರೆ ಅವಳಿಗೂ ಹಗುರವಾಗುತ್ತದೆ, ನಾವಿಬ್ಬರೂ ಒಂದೇ ದೋಣಿಯವರು ಅಂದುಕೊಳ್ಳುತ್ತಾಳೆ ಎಂಬ ಆಸೆ ನನಗಿತ್ತು. ಸುಳ್ಳು ಯಾಕೆ ಬರೆಯಲಿ, ಆ ಆಸೆಯಿಂದಲೇ ಅಷ್ಟು ದೂರ ಹೋಗಿದ್ದೆ.

ಅವಳು ಕೆರೆಯ ಕಡೆ ನೋಡುತ್ತಾ ಕೇಳಿಸಿಕೊಂಡಳು.

"ನೀವು ಆ ಮಾತು ಆಡ್ದಾಗೆಲ್ಲ ನಾನೇನ್ ಅಂದ್ಕೊತಿದ್ದೆ ಗೊತ್ತಾ ಮೇಡಂ? ಮಕ್ಕಳಿರೋರು, ಮೊಮ್ಮಕ್ಕಳಿರೋರು, ಅವರಿಗೇನ್ ಗೊತ್ತಾಗುತ್ತೆ, ಪಾಪ, ಅಂತ. ಹಂಗಂದ್ಕೊಂಡೇ ನಾಲ್ಕು ವರ್ಷ ಬರೆದೆ."

ಆಟೋ ಬಂತು. ಅವಳೇ ಕೈ ತೋರಿಸಿ ನಿಲ್ಲಿಸಿದಳು. ನಾನು ಹತ್ತಿ ಕೂತ ಮೇಲೆ ಬಗ್ಗಿ, ಮೆಲ್ಲಗೆ ಅಂದಳು, "ನಿಮಗೆ ಗೊತ್ತಿತ್ತಲ್ಲ ಮೇಡಂ."

ಆಮೇಲೆ ಡ್ರೈವರಿಗೆ, "ಜಯನಗರಕ್ಕೆ ಅಣ್ಣ, ನಿಧಾನಕ್ಕೆ ಹೋಗಿ" ಎಂದು ಹೇಳಿ ಓಣಿಯ ಕಡೆ ತಿರುಗಿದಳು.

ಮನೆಗೆ ಬಂದಾಗ ಜಯಸಿಂಹ ಬಾಗಿಲಲ್ಲೇ ಏನಂದಳು ಎಂದು ಕೇಳಿದರು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂದೆ.